ನೂರಕ್ಕೆ ನೂರು ತಾಜಾ

‘ಓದಿ ಪರಿಶೀಲಿಸಿದ್ದೇನೆ’ ಎಂಬ ಮಾತಿನ ಕೆಳಗೆ ನೀವು ಕೊನೆಯ ಸಲ ಸಹಿ ಹಾಕಿದಾಗ, ಆ ಮಾತಿನ ಮೇಲಿದ್ದುದನ್ನು ನಿಜವಾಗಿ ಓದಿದ್ದಿರೇ? ಉತ್ತರಕ್ಕೆ ಅವಸರವಿಲ್ಲ. ಓದಿದ್ದರೆ ಈ ಕಥೆ ನಿಮಗಲ್ಲ. ಪುಟ ಮಗುಚಿ, ನಿಮ್ಮ ಪಾಡಿಗೆ ನೀವು ಸುಖವಾಗಿರಿ. ಓದಿರದಿದ್ದರೆ ಕುಳಿತುಕೊಳ್ಳಿ. ನಿಮ್ಮ ಜಾತಿಯವಳೇ ಆದ ಒಬ್ಬ ಹೆಂಗಸಿನ ಸಂಗತಿಯನ್ನು ಹೇಳಬೇಕಾಗಿದೆ. ಜಾತಿ ಎಂದರೆ ಬೇರೇನಲ್ಲ, ಓದದೆ ಸಹಿ ಹಾಕುವವರ ಜಾತಿ. ನಾಡಿನಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇನ್ನು ಕೆಲವು ವರ್ಷಗಳ ಮುಂದಿನ ಮಾತು. ಹುಬ್ಬಳ್ಳಿಯ ಹೊರವಲಯದಲ್ಲಿ ‘ಪ್ರಾಣಜಾಲ’ ಎಂಬ ಸಂಸ್ಥೆಯೊಂದು ಎದ್ದು ನಿಂತಿತ್ತು. ಕಲ್ಲು ಕೊರೆದು, ಕಲ್ಲು ಉಜ್ಜಿ, ಕಲ್ಲಿನ ಧೂಳನ್ನೇ ಉಸಿರಾಡಿ ಶ್ವಾಸಕೋಶ ಕೆಡಿಸಿಕೊಂಡ ಐದು ಸಾವಿರ ಜನರಿಗೆ ಮನೆಯಲ್ಲೇ ಆಮ್ಲಜನಕ ಒದಗಿಸುವುದು ಅದರ ಕೆಲಸ. ಮನೆಯ ಯಂತ್ರ ಗಾಳಿಯಿಂದ ಆಮ್ಲಜನಕವನ್ನು ಸೋಸಿ ಮೂಗಿನ ಕೊಳವೆಗೆ ಕೊಡುತ್ತಿತ್ತು. ರೋಗಿಯ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಅವನ ರಕ್ತದ ಸುದ್ದಿಯನ್ನು ಹುಬ್ಬಳ್ಳಿಗೆ ಕಳಿಸುತ್ತಿತ್ತು. ಅಲ್ಲಿದ್ದ ಹನ್ನೆರಡು ಸರ್ವರ್‌ಗಳು, ಈ ಮನೆಗೆ ನಿಮಿಷಕ್ಕೆ ಮೂರು ಲೀಟರ್, ಆ ಮನೆಗೆ ನಾಲ್ಕು ಎಂದು ತಿರುಗಿ ಹೇಳುತ್ತಿದ್ದವು. ಒಂದೊಂದು ಸರ್ವರ್ ನಾನೂರು ಚಿಲ್ಲರೆ ಮನೆಗಳ ಉಸಿರನ್ನು ಹೊತ್ತಿತ್ತು.

ಈ ಹನ್ನೆರಡನ್ನೂ ಹದ್ದುಬಸ್ತಿನಲ್ಲಿಡುತ್ತಿದ್ದ ಸಾಧನದ ಹೆಸರು ‘ಅನುಶಾಸಕ’. ಹಿಂದೆಲ್ಲ ಸರ್ವರ್‌ಗಳು ಹೇಗಿರಬೇಕೆಂಬ ಆಜ್ಞೆಯನ್ನು ಎಂಜಿನಿಯರುಗಳು ಒಂದು ಕಡೆ ಬರೆಯುತ್ತಿದ್ದರು. ಅದರ ವಿವರಣೆಯನ್ನು ಕೈಪಿಡಿ ಎಂಬ ಹೆಸರಿನಲ್ಲಿ ಇನ್ನೊಂದು ಕಡೆ ಬರೆಯುತ್ತಿದ್ದರು, ಅಥವಾ ಬರೆಯುತ್ತೇವೆಂದು ಹೇಳುತ್ತಿದ್ದರು. ಆಜ್ಞೆ ಬದಲಾಗುತ್ತಿತ್ತು, ಕೈಪಿಡಿ ಬದಲಾಗುತ್ತಿರಲಿಲ್ಲ. ಸತ್ತವರ ಹೆಸರಿನ ಪಡಿತರ ಚೀಟಿಯಂತೆ ಹಳೆಯ ಪುಟಗಳು ಚಲಾವಣೆಯಲ್ಲಿಯೇ ಇರುತ್ತಿದ್ದವು. ಕೊನೆಗೆ ಯಾರೋ ಒಬ್ಬ ಬುದ್ಧಿವಂತ ಕೇಳಿದ: ಎರಡೇಕೆ? ಕೈಪಿಡಿಯೇ ಆಜ್ಞೆಯಾದರೆ? ಹಾಗೆ ಹುಟ್ಟಿದ್ದು ಅನುಶಾಸಕ. ಅದು ಕನ್ನಡದ ಕೈಪಿಡಿಯನ್ನು ಹದಿನೈದು ನಿಮಿಷಕ್ಕೊಮ್ಮೆ ಆದ್ಯಂತವಾಗಿ ಓದುತ್ತಿತ್ತು. ಅಲ್ಲಿ ಬರೆದಂತೆ ಸರ್ವರ್‌ಗಳು ಇವೆಯೇ ಎಂದು ನೋಡುತ್ತಿತ್ತು. ಇಲ್ಲದಿದ್ದರೆ ಬರೆದಂತೆ ಮಾಡಿಬಿಡುತ್ತಿತ್ತು.

ಒಂದೇ ವಿಷಯದ ಬಗ್ಗೆ ಎರಡು ಪುಟಗಳು ಎರಡು ಮಾತು ಹೇಳಿದರೆ? ಅದಕ್ಕೂ ನಿಯಮವಿತ್ತು. ಯಾವ ಪುಟವನ್ನು ಮನುಷ್ಯರು ಇತ್ತೀಚೆಗೆ ಓದಿ, ಪರಿಶೀಲಿಸಿ, ಸಹಿ ಹಾಕಿದ್ದಾರೋ ಆ ಪುಟದ ಮಾತೇ ನಡೆಯತಕ್ಕದ್ದು. ಎಷ್ಟು ನ್ಯಾಯವಾದ ನಿಯಮ! ಆ ಯಂತ್ರ ತನ್ನ ಆಯುಷ್ಯದಲ್ಲಿ ಮಾಡಿದ ಒಂದೇ ಒಂದು ಮೂರ್ಖತನವೆಂದರೆ ಮನುಷ್ಯನ ಸಹಿಯನ್ನು ನಂಬಿದ್ದು.

ಈ ಕೈಪಿಡಿಯ ಪಾಲಕಿ ನೀಲಾಂಬಿಕೆ ಹೊಸಮನಿ, ವಯಸ್ಸು ನಲವತ್ತೊಂದು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲು ಪಾಲಿಶ್ ಮಾಡಿ ಅವಳನ್ನು ಎಂ.ಎ.ವರೆಗೆ ಓದಿಸಿದವನು ಅಣ್ಣ ಮಲ್ಲೇಶಪ್ಪ. ಈಗ ಅವನೂ ಅವನ ಹೆಂಡತಿ ಗೌರವ್ವನೂ ಹಳೇ ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ ಅವಳೊಡನೆಯೇ ಇದ್ದರು. ಅಣ್ಣನ ಮೂಗಿಗೂ ಕೊಳವೆಯಿತ್ತು. ನಿಮಿಷಕ್ಕೆ ನಾಲ್ಕು ಲೀಟರ್. ಅವನ ಯಂತ್ರ ಒಂಬತ್ತನೇ ಸರ್ವರ್‌ಗೆ ಸೇರಿತ್ತು. ಅದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಒಂಬತ್ತನೆಯದನ್ನು ರೋಗಿಗಳ ಸೇವೆಗೆ ತೆರೆದಾಗ, ಅದರ ಪುಟವನ್ನು ಅಕ್ಷರ ಅಕ್ಷರವಾಗಿ ಬರೆದು ಸಹಿ ಹಾಕಿದವಳು ಅವಳೇ. ಅದು ಎಂಟುನೂರ ಎಪ್ಪತ್ತೇಳನೆಯ ಪುಟ. ಆರು ತಿಂಗಳ ಹಿಂದೆ ಮತ್ತೆ ಓದಿ ದಿನಾಂಕ ಹೊಸದು ಮಾಡಿದವಳೂ ಅವಳೇ.

ಮೊದಮೊದಲು ಅವಳು ಒಳ್ಳೆಯ ಪಾಲಕಿಯಾಗಿದ್ದಳು. ಒಂದು ಪುಟ ಎತ್ತಿಕೊಂಡರೆ ಎದ್ದು ಹೋಗಿ ಸರ್ವರ್ ನೋಡಿ, ಕೇಳಿ, ತಾಳೆ ಹಾಕಿ, ಆಮೇಲೆ ಸಹಿ. ದಿನಕ್ಕೆ ಐದು ಪುಟ ಸಾಗಿದರೆ ಹೆಚ್ಚು. ಕೆಟ್ಟದ್ದೆಲ್ಲ ಶುರುವಾದದ್ದು ಗೋಡೆಗೆ ಫಲಕ ಬಂದ ಮೇಲೆ. ಪರಿಶೀಲಿಸಿ ಒಂದು ವರ್ಷ ದಾಟಿದ ಪುಟವನ್ನು ಹಳಸಿದ್ದು ಎಂದೂ, ಉಳಿದದ್ದನ್ನು ತಾಜಾ ಎಂದೂ ಎಣಿಸಿ, ನೂರಕ್ಕೆ ಎಷ್ಟು ತಾಜಾ ಎಂಬುದನ್ನು ಆಳೆತ್ತರದ ಅಂಕಿಗಳಲ್ಲಿ ತೋರಿಸುವ ಫಲಕ ಅದು. ಪುಟದಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಆ ಫಲಕ ಕೇಳುತ್ತಿರಲಿಲ್ಲ. ದಿನಾಂಕ ಮಾತ್ರ ಕೇಳುತ್ತಿತ್ತು. ತರಗತಿಯಲ್ಲಿ ಹುಡುಗನಿಗೆ ಪಾಠ ಬರುತ್ತದೋ ಇಲ್ಲವೋ ನೋಡದೆ ಹಾಜರಿ ಮಾತ್ರ ಹಾಕುವ ಮೇಷ್ಟರನ್ನು ನೀವು ಕಂಡಿದ್ದೀರಿ. ಆ ಮೇಷ್ಟರನ್ನೇ ಗಾಜಿನಲ್ಲಿ ಎರಕ ಹೊಯ್ದು ಗೋಡೆಗೆ ತೂಗುಹಾಕಿದ್ದರು.

ಸಂಸ್ಥೆಯ ಮುಖ್ಯಸ್ಥ ಪದ್ಮರಾಜನಿಗೆ ಆ ಫಲಕವೇ ಮನೆದೇವರು. ಒಂದು ಮಂಗಳವಾರ ಬೆಳಿಗ್ಗೆ ಅವನು ನೀಲಾಂಬಿಕೆಯನ್ನು ಕರೆಸಿ, ಗುರುವಾರ ಮಧ್ಯಾಹ್ನ ರಾಜಧಾನಿಯಿಂದ ಪರಿಶೀಲನಾ ತಂಡ ಬರುತ್ತದೆಂದೂ, ಫಲಕ ಅರವತ್ತೊಂದರಲ್ಲಿ ನಿಂತಿದೆಯೆಂದೂ, ಸಾವಿರದ ನೂರ ಅರವತ್ತನಾಲ್ಕು ಪುಟಗಳಲ್ಲಿ ನಾನೂರ ಐವತ್ತನಾಲ್ಕು ಹಳಸಿವೆಯೆಂದೂ ತಿಳಿಸಿದ. ಓದಲು ನಾಲ್ಕು ತಿಂಗಳಾದರೂ ಬೇಕೆಂದಳು ಅವಳು. ಅವನು ನಕ್ಕ. ಓದಬೇಕೆಂದು ಯಾರು ಹೇಳಿದರು?

“ದಿನಾಂಕ ಹಳೆಯದಾಗಿದೆ ಅಷ್ಟೇ ತಾನೇ, ಮೇಡಂ? ಪುಟ ಹಾಗೇ ಇರಲಿ. ದಿನಾಂಕ ಬದಲಾಯಿಸಿ. ಒಂದು ಗುಂಡಿ ಒತ್ತಿದರೆ ನಾನೂರ ಐವತ್ತನಾಲ್ಕೂ ಒಟ್ಟಿಗೆ ಆಗುತ್ತವೆ ಅಂತ ಹುಡುಗರು ಹೇಳಿದ್ದಾರೆ. ನಿಮ್ಮ ಬೆರಳಚ್ಚು ಒಂದು ಬೇಕು.”

ಅವಳು ಒಂದೆರಡು ಮಾತು ಆಡಿದಳು. ಆ ಪುಟಗಳಲ್ಲಿ ತನಗಿಂತ ಹಿಂದಿನವರು ಬರೆದದ್ದೂ ಇದೆ, ಏನಿದೆಯೋ ತಿಳಿಯದು ಎಂದಳು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದ ಅವನು. ಇದೊಂದು ಸಮಾಧಾನ, ಹೇಡಿಗಳ ಹಾಸಿಗೆಯ ದಿಂಬು. ಅದಕ್ಕೆ ತಲೆಯಿಟ್ಟು ಅವಳೂ ಮಲಗಿದಳು. ಬೆರಳು ಚಾಚಿದಳು. ಪರದೆ ಕೇಳಿತು: ‘ಈ ಪುಟಗಳನ್ನು ಓದಿ ಪರಿಶೀಲಿಸಿದ್ದೀರಾ?’ ಹೌದು ಎಂದು ಒತ್ತಿದಳು. ಗೋಡೆಯ ಅಂಕಿ ನೂರಕ್ಕೆ ಏರಿತು. ಕಂಟ್ರೋಲ್ ರೂಮಿನವರು ಚಪ್ಪಾಳೆ ತಟ್ಟಿದರು. ಗುರುವಾರ ಸಂಜೆ ಐದರವರೆಗೆ ಕೈಪಿಡಿಗೆ ಯಾರೂ ಒಂದಕ್ಷರ ಸೇರಿಸದಂತೆ ಪದ್ಮರಾಜ ಮೊಹರು ಹಾಕಿಸಿದ.

ಇಲ್ಲಿ ಆದದ್ದೇನೆಂಬುದನ್ನು ಗಮನಿಸಿ. ನಿಜವಾಗಿ ಓದಿ ನೋಡಿದ ಪುಟಗಳಿಗೆ ತಿಂಗಳುಗಳ ಹಿಂದಿನ ದಿನಾಂಕವಿತ್ತು. ಯಾರೂ ಮುಟ್ಟದ ಕೊಳೆತ ಪುಟಗಳಿಗೆ ಇಂದಿನ ದಿನಾಂಕ ಬಿತ್ತು. ಅನುಶಾಸಕನ ಕಣ್ಣಿಗೆ ಅತ್ಯಂತ ಹಳೆಯ ಸುಳ್ಳೇ ಅತ್ಯಂತ ಹೊಸ ಸತ್ಯವಾಯಿತು.

ಆ ಸಂಜೆ ಮನೆಯಲ್ಲಿ ಗೌರವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮೂಲೆಯಲ್ಲಿ ಯಂತ್ರ ಗೊರಗುಟ್ಟುತ್ತಿತ್ತು. ಗೋಡೆಗೆ ಒರಗಿ ಕುಳಿತ ಮಲ್ಲೇಶಪ್ಪ, ತಂಗಿಯ ಮುಖ ಬಾಡಿದ್ದೇಕೆಂದು ಕೇಳಿದ. ಅವನ ಮಾತು ಯಾವಾಗಲೂ ತುಂಡು ತುಂಡು, ನಡುವೆ ಉಸಿರಿಗೆ ಜಾಗ. ಅವಳು ನಡೆದುದನ್ನು ಹಗುರ ಮಾಡಿ ಹೇಳಿದಳು. ನಾನೂರ ಐವತ್ತನಾಲ್ಕು ಪುಟಗಳನ್ನು ಒಂದೇ ಗಳಿಗೆಯಲ್ಲಿ ಓದಿದ್ದೇನೆ ಎಂದು ನಗೆಯಾಡಿದಳು.

ಅಣ್ಣ ನಗಲಿಲ್ಲ. “ನಮ್ಮ ಕಾರ್ಖಾನ್ಯಾಗೂ ಒಂದ ಬುಕ್ ಇತ್ತವ್ವ. ಮಾಸ್ಕಿಂದು. ತಿಂಗಳಿಗೊಮ್ಮೆ ಸಹಿ. ‘ಮಾಸ್ಕ್ ಮುಟ್ಟೈತಿ’ ಅಂತ.”

“ಮುಟ್ಟಿತ್ತೇನ?” ಎಂದಳು ಗೌರವ್ವ, ಉತ್ತರ ಗೊತ್ತಿದ್ದೂ.

“ಬುಕ್ಕಿನ್ಯಾಗ ಮುಟ್ಟಿತ್ತು,” ಎಂದ ಮಲ್ಲೇಶಪ್ಪ. ಅಷ್ಟಕ್ಕೇ ಕೆಮ್ಮು ಬಂತು, ಮಾತು ನಿಂತಿತು.

ಗೌರವ್ವ ಎದ್ದು ಅವನ ಬೆನ್ನು ನೀವಿದಳು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಹೆಂಗಸು ಆಕೆ. ಹೋದ ವರ್ಷ ಹಳೆಯ ಯಂತ್ರ ಕೆಟ್ಟು ಹೊಸದು ಬಂದಾಗ, ಅದನ್ನು ತಂದ ಮೆಕ್ಯಾನಿಕ್ ಸಹಿ ಮಾಡಿಸಿಕೊಂಡು ಹೊರಡುವುದರಲ್ಲಿದ್ದ. ಆಕೆ ಬಾಗಿಲಿಗೆ ಅಡ್ಡ ನಿಂತಳು. ಸಂಸ್ಥೆಯೊಡನೆ ಸಂಪರ್ಕ ಕೆಟ್ಟರೆ ಕೈಯಲ್ಲೇ ತಿರುವಿ ಗಾಳಿ ಹೆಚ್ಚಿಸುವ ಬಿರಡೆ ಎಲ್ಲಿದೆ ತೋರಿಸಿ ಹೋಗು ಎಂದಳು. ಯಂತ್ರಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಎಡಗಡೆ ಎಂದಿತ್ತು, ಎಡಗಡೆ ಬಿರಡೆ ಇರಲಿಲ್ಲ. ಮೆಕ್ಯಾನಿಕ್ಕೂ ತಡಕಾಡಿ ಕೊನೆಗೆ ಹಿಂಬದಿಯಲ್ಲಿ ಕಂಡುಹಿಡಿದ. ಚೀಟಿ ಹಳೆಯ ಮಾದರಿಯದೆಂದು ಹೇಳಿ ನಕ್ಕ. ಆಕೆ ನಗದೆ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಹಣೆಯ ಟಿಕಳಿಯನ್ನು ತೆಗೆದು ಬಿರಡೆಯ ಮೇಲೆ ಅಂಟಿಸಿದಳು. ಅಲ್ಲಿಂದೀಚೆಗೆ ಪ್ರತಿ ಸೋಮವಾರ ಯಂತ್ರ ಒರೆಸುವಾಗ ಅದನ್ನು ಮುಟ್ಟಿ ನೋಡುವುದು ರೂಢಿ. ಟಿಕಳಿ ಮಾಸಿದರೆ ಹೊಸದು ಹಚ್ಚುವಳು. ಆ ಇಡೀ ಸಂಸ್ಥೆಯಲ್ಲಿ ನಿಜವಾಗಿ ತಾಜಾ ಇದ್ದ ಕೈಪಿಡಿ ಅದೊಂದೇ ಎಂದರೆ ಯಾರಿಗೆ ನಾಚಿಕೆಯಾಗಬೇಕೋ ಅವರಿಗೆ ಆಗಲಿ.

ಗುರುವಾರ ಬಂತು. ಮಧ್ಯಾಹ್ನ ಎರಡೂವರೆಗೆ ಪರಿಶೀಲನಾ ತಂಡ ಕಾರಿಳಿಯಿತು. ಹಾರ, ಶಾಲು, ಧಾರವಾಡ ಪೇಡೆ ಎಲ್ಲವೂ ಸಭಾಂಗಣದಲ್ಲಿ ಸಿದ್ಧವಿದ್ದವು. ಫಲಕದ ಒಂದು ಪ್ರತಿಯನ್ನು ಅಲ್ಲಿಯ ಗೋಡೆಗೂ ಹೊಂದಿಸಿದ್ದರು. ಐದು ಸಾವಿರ ಜನರ ಉಸಿರನ್ನು ಪರೀಕ್ಷಿಸಲು ಬಂದ ಆ ಮಹನೀಯರಲ್ಲಿ ಒಬ್ಬರಾದರೂ ಕಂಟ್ರೋಲ್ ರೂಮಿನ ಹೊಸ್ತಿಲು ತುಳಿಯಲಿಲ್ಲ. ನೂರು ಎಂಬ ಅಂಕಿಯನ್ನು ನೋಡಿದರು, ತಲೆದೂಗಿದರು, ಪೇಡೆಗೆ ಕೈ ಚಾಚಿದರು.

ಅದೇ ಹೊತ್ತಿಗೆ, ಮೂರು ಗಂಟೆಗೆ ಸರಿಯಾಗಿ, ಅನುಶಾಸಕ ಇನ್ನೂರ ಹನ್ನೆರಡನೆಯ ಪುಟವನ್ನು ಪಾಲಿಸಿತು. ಆರು ವರ್ಷ ಹಳೆಯ ಪುಟ. ಅದರಲ್ಲಿ ಹೀಗಿತ್ತು: ‘ಒಂಬತ್ತನೇ ಸರ್ವರ್ ಪ್ರಯೋಗಕ್ಕೆ ಮಾತ್ರ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಹೂಡಬೇಕು. ಹಾಗೆ ಹೂಡಿದ ಮೇಲೆ ಕೇಳಿದ ಯಂತ್ರಗಳಿಗೆಲ್ಲ ಅರ್ಧ ಲೀಟರ್ ಎಂದು ಉತ್ತರಿಸಬೇಕು. ಇದರಿಂದ ಬರುವ ಅಪಾಯದ ಗಂಟೆಗಳು ಹುಸಿ; ಅವನ್ನು ಕಂಟ್ರೋಲ್ ರೂಮಿಗೆ ಕಳಿಸಬಾರದು.’

ನಾನೂರ ಹನ್ನೆರಡು ಮನೆಗಳಲ್ಲಿ ಯಂತ್ರಗಳು ಎಂದಿನಂತೆ ಎಷ್ಟು ಲೀಟರ್ ಎಂದು ಕೇಳಿದವು. ಅರ್ಧ ಲೀಟರ್ ಎಂದು ಉತ್ತರ ಬಂತು. ವಿಧೇಯವಾಗಿ ಅರ್ಧ ಲೀಟರ್ ಕೊಟ್ಟವು. ದೀಪಗಳು ಹಸಿರಾಗಿಯೇ ಇದ್ದವು. ಹೇಳಿದಂತೆ ನಡೆದುಕೊಳ್ಳುವ ಯಂತ್ರಕ್ಕೆ ಕೆಂಪು ದೀಪವೇಕೆ?

ಮೂರು ಇಪ್ಪತ್ತೆರಡಕ್ಕೆ ನೀಲಾಂಬಿಕೆಯ ಫೋನ್ ನಡುಗಿತು. ಸಭಾಂಗಣದ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವಳು ಕಂಟ್ರೋಲ್ ರೂಮಿನ ಕಡೆಗೆ ಸರಿದು ಎತ್ತಿಕೊಂಡಳು. ಮಷಿನ್ ನಡೆದಿದೆ, ದೀಪವೂ ಹಸಿರಿದೆ, ಆದರೆ ಅಣ್ಣನ ತುಟಿ ನೀಲಿಯಾಗಿದೆ ಎಂದಳು ಗೌರವ್ವ. ನೀಲಾಂಬಿಕೆ ಕತ್ತೆತ್ತಿ ಗೋಡೆಯ ಮೇಲಿನ ಸರ್ವರ್‌ಗಳ ದೀಪದ ಫಲಕ ನೋಡಿದಳು. ಹನ್ನೆರಡಕ್ಕೆ ಹನ್ನೆರಡೂ ಹಸಿರು. ಅವಳು ಕೊಳವೆ ಮಡಚಿದೆಯೇನೋ ನೋಡು ಎಂದಳು. ನೀರಿನ ಬಾಟಲಿ ನೋಡು ಎಂದಳು. ಪ್ಲಗ್ಗು ನೋಡು ಎಂದಳು. ಗೌರವ್ವ ಒಂದೊಂದನ್ನೇ ನೋಡಿ ಬಂದಳು. ಆರು ನಿಮಿಷ ಕಳೆಯಿತು.

“ಇಲ್ಲಿ ಎಲ್ಲಾ ಸರಿ ತೋರಸಾಕತ್ತೈತಿ, ವೈನಿ. ಬೋರ್ಡಿನ್ಯಾಗ ಒಂಬತ್ತು ಹಸರೈತಿ.”

“ಬೋರ್ಡ್ ನೋಡಬ್ಯಾಡ ನೀಲವ್ವ. ನಾ ಮಾರಿ ನೋಡಾಕತ್ತೀನಿ.”

ಅಷ್ಟೇ. ಗೌರವ್ವ ಫೋನನ್ನು ನೆಲಕ್ಕಿಟ್ಟು ಯಂತ್ರವನ್ನು ಗೋಡೆಯಿಂದ ಈಚೆಗೆಳೆದಳು. ಬಗ್ಗಿ ಹಿಂಬದಿಯ ಟಿಕಳಿಯನ್ನು ಬೆರಳಿನಲ್ಲಿ ಹುಡುಕಿದಳು. ಬಿರಡೆಗೆ ಸಂಸ್ಥೆಯವರು ಕಟ್ಟಿದ್ದ ಸೀಲಿನ ತಂತಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಅದನ್ನು ನಾಲ್ಕಕ್ಕೆ ತಿರುವಿದಳು. ಹುಬ್ಬಳ್ಳಿಯ ಹನ್ನೆರಡು ಸರ್ವರ್‌ಗಳಿಗೂ ಆ ಮನೆಗೂ ಅಲ್ಲಿಗೆ ಸಂಬಂಧ ಹರಿಯಿತು. ಯಂತ್ರದ ದೀಪ ಮೊದಲ ಸಲ ಕೆಂಪಾಯಿತು. ಕೈಪಿಡಿಯ ಪ್ರಕಾರ ಅದು ದೋಷ. ಮಲ್ಲೇಶಪ್ಪನ ತುಟಿಗೆ ಬಣ್ಣ ಮರಳತೊಡಗಿತು.

ಇತ್ತ ನೀಲಾಂಬಿಕೆಗೆ ಅದೊಂದೂ ತಿಳಿಯದು. ಫೋನಿನಲ್ಲಿ ಯಂತ್ರ ಎಳೆದ ಸದ್ದು ಬಂತು, ಆಮೇಲೆ ಏನೂ ಇಲ್ಲ. ಅವಳು ಕಂಟ್ರೋಲ್ ರೂಮಿನ ಮೇಜಿನ ಮುಂದಿದ್ದ ಇಮಾಮ್ ನದಾಫ್‌ನ ಹತ್ತಿರ ಓಡಿದಳು. ನಗಿಸುತ್ತಲೇ ಕೆಲಸ ಮಾಡುವ ಗಂಡಸು ಅವನು. ಒಂಬತ್ತು ಏಕೆ ಹೀಗೆ ಎಂದು ಕೇಳಿದ್ದಕ್ಕೆ, ಪುಟದಲ್ಲಿ ಬರೆದಂತೆಯೇ ಇದೆ ಅಕ್ಕಾ, ನಮಗಿಂತ ಶಿಸ್ತು ಎಂದ. ಯಾವ ಪುಟದಲ್ಲಿ ಎಂದಳು. ಅವನು ತೆರೆದು ತೋರಿಸಿದ. ಓದುತ್ತ ಓದುತ್ತ ಅವನ ನಗೆ ಆರಿತು. ಇನ್ನೂರ ಹನ್ನೆರಡು. ಕೆಳಗೆ ಮಂಗಳವಾರದ ದಿನಾಂಕ. ಪರಿಶೀಲಿಸಿದವರು: ನೀಲಾಂಬಿಕೆ ಹೊಸಮನಿ.

ಆಗ ಗಂಟೆ ಮೂರು ಮೂವತ್ತನಾಲ್ಕು. ಅನುಶಾಸಕ ಕೈಪಿಡಿಯನ್ನು ಮತ್ತೆ ಓದುವುದು ಮೂರು ನಲವತ್ತೈದಕ್ಕೆ. ಹನ್ನೊಂದು ನಿಮಿಷ ಕೈಯಲ್ಲಿತ್ತು.

ಆ ಹನ್ನೊಂದು ನಿಮಿಷವನ್ನು ಅವಳು ಹೇಗೆ ಬಳಸಿದಳೆಂದು ಕೇಳಿದರೆ ನಿಮಗೆ ಕೋಪ ಬರಬಹುದು. ಬರಲಿ, ಆ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಅವಳು ಅನುಮತಿ ಕೇಳಲು ಹೋದಳು.

ಸಭಾಂಗಣದಲ್ಲಿ ಪದ್ಮರಾಜ ತಂಡದ ಹಿರಿಯರ ಪಕ್ಕದಲ್ಲಿ ಕುಳಿತು ಭಾಷಣಕ್ಕೆ ಕಾಯುತ್ತಿದ್ದ. ಅವಳು ಹಿಂದಿನಿಂದ ಬಗ್ಗಿ ಪಿಸುಗುಟ್ಟಿದಳು. ಇನ್ನೂರ ಹನ್ನೆರಡನೆಯ ಪುಟವನ್ನು ಈಗಲೇ ತಿದ್ದಬೇಕು, ಮೊಹರು ತೆಗೆಸಿ ಎಂದಳು. ಅವನು ತುಟಿಯಲ್ಲಿ ನಗೆಯನ್ನಿಟ್ಟುಕೊಂಡೇ, ಅತಿಥಿಗಳು ಹೋಗಲಿ ಎಂದ. ನಾನೂರ ಹನ್ನೆರಡು ಮನೆಗಳೆಂದಳು. ಫಲಕ ಹಸಿರಿದೆಯಲ್ಲ ಎಂದ. ಅವಳು ಮತ್ತೆ ಕೇಳಿದಳು. ಅವನು ಕೈಸನ್ನೆಯಿಂದ ತಡೆದು ಎದ್ದು ಹೋಗಿ ಸ್ವಾಗತದ ಎರಡು ಮಾತಾಡಿ ಬಂದ. ಅವಳು ಕಾದಳು. ಹೌದು, ನಿಂತು ಕಾದಳು! ಬಂದವನು ಕುಳಿತು ಮೆಲ್ಲಗೆ ಹೇಳಿದ:

“ಈಗ ಮೊಹರು ಒಡೆದರೆ ನೂರು ಹೋಗಿ ತೊಂಬತ್ತೊಂಬತ್ತು ಆಗುತ್ತೆ, ಮೇಡಂ. ಇವರ ಎದುರಿಗೆ. ಒಂದೇ ಒಂದು ಗಂಟೆ ತಡೆದುಕೊಳ್ಳಿ.”

“ನಮ್ಮಣ್ಣನಿಗೆ ಒಂದು ಗಂಟೆ ಉಸಿರು ಹಿಡಿದುಕೊಂಡಿರು ಅಂತ ಹೇಳಲೇ ಸರ್?”

ಅವನು ಹಿರಿಯರ ಕಡೆ ತಿರುಗಿ ಅವರ ಪ್ರಯಾಣ ಸುಖಕರವಾಗಿತ್ತೇ ಎಂದು ವಿಚಾರಿಸಿದ.

ಆಗ ಅವಳಿಗೆ ನೆನಪಾಯಿತು. ಕೈಪಿಡಿಯ ನಲವತ್ತನೆಯ ಪುಟ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಇನ್ನೂ ನಾಚಿಕೆಯೆಂಬುದು ಮೈಯಲ್ಲಿದ್ದಾಗ, ತಾನೇ ಬರೆದ ಪುಟ: ‘ಸಹಿ ಹಾಕಿದವರು ತಾವು ಓದಿರಲಿಲ್ಲವೆಂದು ಯಾವ ಹೊತ್ತಿನಲ್ಲಾದರೂ ಒಪ್ಪಿಕೊಂಡರೆ ಆ ಸಹಿ ಬಿದ್ದುಹೋಗತಕ್ಕದ್ದು, ಪುಟ ತನ್ನ ಹಿಂದಿನ ದಿನಾಂಕಕ್ಕೆ ಮರಳತಕ್ಕದ್ದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.’ ಮೊಹರು ಬರೆಯುವುದನ್ನು ಮಾತ್ರ ತಡೆಯುತ್ತಿತ್ತು. ತಪ್ಪೊಪ್ಪಿಗೆಯನ್ನು ತಡೆಯುವ ಮೊಹರನ್ನು ಯಾರೂ ಮಾಡಿರಲಿಲ್ಲ. ಅದನ್ನು ಯಾರಾದರೂ ಬಳಸಿಯಾರೆಂಬ ಅನುಮಾನವೇ ಯಾರಿಗೂ ಬಂದಿರಲಿಲ್ಲ.

ಅವಳು ಕಂಟ್ರೋಲ್ ರೂಮಿಗೆ ಓಡಿ ಬಂದು ಬೆರಳಿಟ್ಟಳು. ಪರದೆ ಕಾರಣ ಕೇಳಿತು. ಒಂದೇ ಪದ ಬರೆದಳು: ಓದಿರಲಿಲ್ಲ. ಯಾವ ಪುಟ ಎಂದಿತು. ಇನ್ನೂರ ಹನ್ನೆರಡೊಂದನ್ನೇ ಹೇಳಿ ಬಿಟ್ಟಿದ್ದರೂ ಒಂಬತ್ತು ಬದುಕುತ್ತಿತ್ತು. ಅವಳು ನಾನೂರ ಐವತ್ತನಾಲ್ಕನ್ನೂ ಹೇಳಿದಳು. ಸಭಾಂಗಣದ ಗೋಡೆಯ ಮೇಲೆ, ಪೇಡೆ ತಿನ್ನುತ್ತಿದ್ದವರ ಕಣ್ಣೆದುರಿಗೆ, ನೂರು ಹೋಗಿ ಅರವತ್ತೊಂದಾಯಿತು. ಅದರ ಕೆಳಗೆ ಅವಳ ಹೆಸರೂ ಆ ಒಂದು ಪದವೂ ಮೂಡಿದವು.

ಗಂಟೆ ಮೂರು ನಲವತ್ತೇಳು. ಎರಡು ನಿಮಿಷ ತಡ. ಮುಂದಿನ ಓದು ನಾಲ್ಕಕ್ಕೆ.

ಆ ಹದಿಮೂರು ನಿಮಿಷದಲ್ಲಿ ಇಮಾಮನೂ ಜೊತೆಯವರೂ ಮನೆಮನೆಗೆ ಫೋನ್ ಹಚ್ಚಿದರು. ಬಿರಡೆ ತಿರುವಿ ಎಂದು ಕೈಪಿಡಿ ನೋಡಿ ಹೇಳತೊಡಗಿದರು: ಎಡಗಡೆ ಇದೆ, ಎಡಗಡೆ. ಎಡಗಡೆ ಏನೂ ಇಲ್ಲವೆಂದು ಅತ್ತಲಿಂದ ಅಳು ಬಂತು. ಆ ಪುಟವೂ ನಾನೂರ ಐವತ್ತನಾಲ್ಕರಲ್ಲೇ ಒಂದು. ನೀಲಾಂಬಿಕೆಗೆ ಫಕ್ಕನೆ ವೈನಿಯ ಟಿಕಳಿ ಕಣ್ಣಿಗೆ ಕಟ್ಟಿತು. “ಹಿಂದ, ಇಮಾಮ್, ಹಿಂಬದಿ!” ಎಂದು ಕೂಗಿದಳು. ಆಮೇಲೆ ಫೋನ್ ಮುಟ್ಟಿದ ಮನೆಗಳೆಲ್ಲ ಉಳಿದವು. ನಾಲ್ಕಕ್ಕೆ ಅನುಶಾಸಕ ಓದಿತು. ನೀಲಾಂಬಿಕೆ ಬರೆದಿದ್ದ ಎಂಟುನೂರ ಎಪ್ಪತ್ತೇಳನೆಯ ಪುಟವೇ ಇನ್ನೂರ ಹನ್ನೆರಡಕ್ಕಿಂತ ಹೊಸದೆಂದು ಕಂಡು, ಹಿಂದಿನ ದಿನದ ಪ್ರತಿಯಿಂದ ಒಂಬತ್ತನ್ನು ಮತ್ತೆ ಹೂಡಿತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಎಲ್ಲ ಮನೆಗಳಿಗೂ ಸರಿಯಾದ ಉಸಿರು ಹೋಯಿತು.

ಏಳು ಮನೆಗಳನ್ನು ಬಿಟ್ಟು. ಅಲ್ಲಿ ತೆಗೆದುಕೊಳ್ಳುವವರು ಇರಲಿಲ್ಲ. ಹುನಗುಂದದ ಒಂದು ಮನೆಯಲ್ಲಿ ಹಸಿರು ದೀಪ ನೋಡಿ, ಅಪ್ಪನಿಗೆ ನಿದ್ದೆ ಹತ್ತಿದೆಯೆಂದು ಮಗಳು ಹೊದಿಕೆ ಹೊದಿಸಿ ಮೆಲ್ಲಗೆ ಬಾಗಿಲು ಮುಂದೆ ಮಾಡಿದ್ದಳು. ಆ ಏಳರಲ್ಲಿ ಇಬ್ಬರು ನಾಲ್ಕಕ್ಕೆ ಐದು ನಿಮಿಷವಿರುವವರೆಗೂ ಉಸಿರಾಡುತ್ತಿದ್ದರೆಂದು ಬೆರಳಿನ ಕ್ಲಿಪ್ಪುಗಳು ಬರೆದಿಟ್ಟಿದ್ದವು. ಆ ಇಬ್ಬರ ಹೆಸರನ್ನು ನೀಲಾಂಬಿಕೆ ಕಂಠಪಾಠ ಮಾಡಿಕೊಂಡಿದ್ದಾಳೆ.

ತನಿಖೆ ನಡೆಯಿತು. ನಡೆಯದೆ ಇರುತ್ತದೆಯೇ? ಯಂತ್ರವು ಕೈಪಿಡಿಯಂತೆ ನಡೆದಿತ್ತು, ಕೈಪಿಡಿ ತಾಜಾ ಇತ್ತು, ಫಲಕ ಹಸಿರಿತ್ತು. ಹೀಗಿರುವಾಗ ತಪ್ಪು ಯಾರದೆಂದು ಹೇಳಲು ತಂಡದ ಮಹನೀಯರಿಗೆ ನಾಲಿಗೆ ಹೊರಳಲಿಲ್ಲ. ಪದ್ಮರಾಜ ವರದಿ ಸಿದ್ಧಪಡಿಸಿದ. ಅದರಲ್ಲಿ ‘ಅನಿರೀಕ್ಷಿತ ತಾಂತ್ರಿಕ ಅಡಚಣೆ’ ಎಂಬ ಮೂರು ಪದಗಳು ಏಳು ಹೆಣಗಳ ಮೇಲೆ ಹೊದಿಸಿದ ಬಿಳಿ ಬಟ್ಟೆಯಂತಿದ್ದವು. ಅದನ್ನು ನೀಲಾಂಬಿಕೆಯ ಮುಂದಿಟ್ಟು, ಕೆಳಗೊಂದು ಸಹಿ ಹಾಕಿದರೆ ಅವಳ ಕೆಲಸವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ ಎಂದ.

“ಓದಿ ಆಮೇಲೆ ಹೇಳುತ್ತೇನೆ ಸರ್,” ಎಂದಳು ಅವಳು.

ಅವನ ಎದುರೇ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದಳು. ನಲವತ್ತು ನಿಮಿಷ ಹಿಡಿಯಿತು. ಸಹಿ ಹಾಕದೆ ಹಿಂದಿರುಗಿಸಿದಳು. ಬಳಿಕ ತನ್ನ ಮೇಜಿಗೆ ಹೋಗಿ ಕೈಪಿಡಿಗೆ ಸಾವಿರದ ನೂರ ಅರವತ್ತೈದನೆಯ ಪುಟವನ್ನು ಸೇರಿಸಿದಳು. ಅದರಲ್ಲಿ ಮಂಗಳವಾರ ಯಾರು ಏನು ಹೇಳಿದರು, ತಾನು ಯಾವುದಕ್ಕೆ ಬೆರಳಿಟ್ಟೆ, ಗುರುವಾರ ಯಾರ ಅನುಮತಿಗಾಗಿ ಎಷ್ಟು ನಿಮಿಷ ಕಾದೆ, ಆ ಹೊತ್ತಿನಲ್ಲಿ ಯಾರು ಸತ್ತರು ಎಂಬುದೆಲ್ಲ ಹೆಸರು ಸಹಿತ ಇತ್ತು. ಎರಡು ಸಲ ಓದಿ, ತಾಳೆ ನೋಡಿ, ಸಹಿ ಹಾಕಿದಳು. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು.

ಪುಟವನ್ನು ಮಾತ್ರ ತೆಗೆಯಲಾಗಲಿಲ್ಲ. ಅನುಶಾಸಕನಲ್ಲಿ ಪುಟ ಅಳಿಸಲು ಒಂದು ನಿಯಮವಿದೆ: ಅಳಿಸುವವರು ಅದನ್ನು ಓದಿ ಪರಿಶೀಲಿಸಿದ್ದೇನೆಂದು ತಮ್ಮ ಹೆಸರಿನಲ್ಲಿ ಸಹಿ ಹಾಕಬೇಕು. ನಾನೂರ ಐವತ್ತನಾಲ್ಕು ಪುಟಗಳಿಗೆ ಇನ್ನೊಬ್ಬಳ ಬೆರಳನ್ನು ಎರವಲು ಪಡೆದ ಪದ್ಮರಾಜ, ಆ ಒಂದು ಪುಟಕ್ಕೆ ತನ್ನ ಬೆರಳಿಡಲು ಇಂದಿಗೂ ಧೈರ್ಯ ಮಾಡಿಲ್ಲ. ಓದಿದ್ದೇನೆಂದರೆ ಗೊತ್ತಿತ್ತು ಎಂದಾಗುತ್ತದೆ. ಅವನ ನಂತರ ಬಂದವರೂ ಮಾಡಿಲ್ಲ. ಅನುಶಾಸಕ ಅದನ್ನು ಹದಿನೈದು ನಿಮಿಷಕ್ಕೊಮ್ಮೆ ಓದುತ್ತಿದೆ, ಪಾಲಿಸಲು ಅದರಲ್ಲಿ ಏನೂ ಸಿಗದೆ ಮುಂದೆ ಹೋಗುತ್ತಿದೆ.

ಕೆಲಸ ಹೋದ ದಿನ ಅವಳು ಮನೆಗೆ ಬಂದಾಗ ಗೌರವ್ವ ಯಂತ್ರ ಒರೆಸುತ್ತಿದ್ದಳು. ನೀಲಾಂಬಿಕೆ ಅಣ್ಣನ ಕಾಲ ಬಳಿ ಕುಳಿತು, ಆ ಮಂಗಳವಾರ ತಾನು ಸಹಿ ಹಾಕದಿದ್ದರೆ ಹೀಗಾಗುತ್ತಿರಲಿಲ್ಲ ಎಂದಳು. ಅವನು ತಲೆ ನೇವರಿಸಲಿಲ್ಲ, ತಪ್ಪು ನಿನ್ನದಲ್ಲ ಎಂದೂ ಹೇಳಲಿಲ್ಲ. ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದ:

“ಇಪ್ಪತ್ತೆರಡ ವರ್ಷ… ತಿಂಗಳಿಗೊಂದು ಸಹಿ. ನನ್ನ ಎದಿ ನಾನ ಬರದ ಕೊಟ್ಟೀನಿ. ಒಂದ ತಿಂಗಳರ… ‘ಮಾಸ್ಕ್ ಬಂದಿಲ್ಲ’ ಅಂತ ಬರದಿದ್ರ?” ಮತ್ತೆ ಉಸಿರು. “ಕೆಲಸ ಹೋಗತಿತ್ತು. ಅಷ್ಟ.”

ಗೌರವ್ವ ಹಿಂಬದಿಯ ಮಾಸಿದ ಟಿಕಳಿಯನ್ನು ಕಿತ್ತು ಹೊಸದೊಂದನ್ನು ಒತ್ತಿ ಅಂಟಿಸಿದಳು. ಬಿರಡೆ ಸಲೀಸಾಗಿ ತಿರುಗುತ್ತದೆಯೇ ಎಂದು ಮುಟ್ಟಿ ನೋಡಿದಳು.

ಓದುಗರೇ, ಈ ಕಥೆಯನ್ನು ಓದಿ ಮರುಗುವ ಶ್ರಮ ತೆಗೆದುಕೊಳ್ಳಬೇಡಿ. ನಿಮ್ಮ ಮರುಕದಿಂದ ಯಾರ ತುಟಿಗೂ ಬಣ್ಣ ಬರುವುದಿಲ್ಲ. ನಿಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ನಿಮ್ಮ ಸಹಿ ಹೊತ್ತ ಒಂದು ಪುಟವಿದೆ. ಅದು ಯಾವುದೆಂದು ಈ ಸಾಲು ಓದುವಾಗಲೇ ನಿಮಗೆ ನೆನಪಾಗಿದೆ. ನಾಳೆ ಬೆಳಿಗ್ಗೆ, ಬೇರೆ ಕೆಲಸಕ್ಕೆ ಕೈ ಹಾಕುವ ಮುನ್ನ, ಅದನ್ನು ತೆರೆಯಿರಿ. ಎದ್ದು ಹೋಗಿ, ಅಲ್ಲಿ ಬರೆದದ್ದು ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ‘ಓದಿರಲಿಲ್ಲ’ ಎಂದು ಬರೆದು ನಿಮ್ಮ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಯಾರ ಅನುಮತಿಯೂ ಬೇಕಿಲ್ಲ.